ಮಾತ್ರೆ ತಂದ ನಗು

ಗಂಡನಿಗೆ ತನ್ನ ಮೇಲೆ ಯಾಕಿಷ್ಟು ಸಿಟ್ಟು ಎಂದು ದರ್ಜಿಯ ಹೆಂಡತಿ ಎಷ್ಟು ತಲೆ ಕೆಡಿಸಿಕೊಂಡರೂ ಗೊತ್ತಾಗಿರಲಿಲ್ಲ.

ಬೆಳಗ್ಗೆ ಬಾಗಿಲು ತೆಗೆದರೆ ಸಂಜೆಯವರೆಗೆ ಇಬ್ಬರೂ ಒಂದೇ ಅಂಗಡಿಯಲ್ಲಿ ಇರುವವರು. ಅಳತೆ ತೆಗೆಯುವುದು, ಕತ್ತರಿಸುವುದು, ಮೆಷಿನ್ನಿನಲ್ಲಿ ಹೊಲಿಯುವುದು ಅವನ ಕೆಲಸ. ಗುಂಡಿ ತೂರಿಸುವ ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಇಸ್ತ್ರಿ ಹಾಕಿ ಮಡಚುವುದು ಅವಳದು. ಅವನು ಮೊದಲೂ ಮಾತಿನ ಮಲ್ಲನೇನಲ್ಲ. ಆದರೂ ಗಿರಾಕಿ ಮೆಟ್ಟಿಲು ಇಳಿದ ಮೇಲೆ ಅವರ ಸೊಂಟದ ಸುತ್ತಳತೆಯ ಬಗ್ಗೆ ಒಂದು ಮಾತು ಉದುರಿಸಿ ಮೀಸೆಯಡಿ ನಗುತ್ತಿದ್ದ. ಆ ನಗು ಯಾವಾಗ ನಿಂತಿತೋ ಅವಳು ಗಮನಿಸಿರಲಿಲ್ಲ. ಗಮನಿಸುವ ಹೊತ್ತಿಗೆ ಗಂಡನ ಮುಖ ಇಸ್ತ್ರಿ ಹಾಕಿದ ಬಟ್ಟೆಯಂತಾಗಿತ್ತು: ಒಂದು ಮಡಿಕೆಯಿಲ್ಲ, ಸುಕ್ಕಿಲ್ಲ. ಕಣ್ಣು ಮಿಟುಕಿಸುವುದೂ ಕಡಿಮೆ. ದನಿ ಎಷ್ಟು ಇಳಿದಿತ್ತೆಂದರೆ ಮೆಷಿನ್ನು ನಿಲ್ಲಿಸದೆ ಅವನ ಮಾತು ಕೇಳುತ್ತಿರಲಿಲ್ಲ.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ನನ್ನ ಕಂಡ್ರೆ ಆಗಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಿಬಿಡಿ. ಹೀಗೆ ಮುಖ ಗಂಟು ಹಾಕ್ಕೊಂಡು ಕೂತ್ರೆ ನಾನೇನು ಅಂತ ತಿಳ್ಕೊಳ್ಳಲಿ?"

"ನಾನೇನು ಮಾಡ್ದೆ?" ಎಂದ ಅವನು, ಅದೇ ಮುಖದಲ್ಲಿ.

"ಅದನ್ನೇ ಕೇಳ್ತಿರೋದು. ಏನೂ ಮಾಡಲ್ಲ. ನಗಲ್ಲ, ಬೈಯೋದೂ ಇಲ್ಲ."

ಅಷ್ಟರಲ್ಲಿ ಅವಳು ಮರೆತಿದ್ದ ಇಸ್ತ್ರಿಪೆಟ್ಟಿಗೆಯಡಿ ಯಾರದೋ ಪ್ಯಾಂಟು ಸುಟ್ಟು ಹೊಗೆ ಎದ್ದಿತು. ಅವನು ಅದರ ಪಕ್ಕದಲ್ಲೇ ಕೂತಿದ್ದ. ವಾಸನೆಯೇ ಬಡಿಯಲಿಲ್ಲವಂತೆ. ಸಿಟ್ಟಿಗೆ ಬೇಕೆಂದೇ ಸುಮ್ಮನಿದ್ದ ಎಂದು ಅವಳು ಸಂಜೆಯವರೆಗೂ ಗೊಣಗಿದಳು.

ಬೇರೆಯದೇನೋ ಇದೆ ಎಂದು ಮೊದಲು ಕಂಡುಕೊಂಡವಳು ನಾದಿನಿ. ಅವಳು ಊರಿನ ಬಸ್ಸು ಓಡಿಸುವವಳು. ಬೀದಿಯಲ್ಲಿ ಯಾರು ಹೇಗೆ ನಡೆಯುತ್ತಾರೆ ಎನ್ನುವುದು ಅವಳ ಕಣ್ಣಿಗೆ ತಪ್ಪುವುದಿಲ್ಲ. ರಜೆಯ ದಿನ ಅಂಗಡಿಗೆ ಬಂದವಳು ಕುರ್ಚಿ ಎಳೆದು ಕೂತು, "ಅಣ್ಣಾ, ನಿನ್ನ ಬಲಗೈ ಜೇಬಲ್ಲಿ ಇಲ್ದಿದ್ರೂ ಜೇಬಲ್ಲಿ ಇದ್ದಂಗೆ ಇರತ್ತಲ್ಲ, ಯಾಕೋ?" ಎಂದಳು. "ನಡೆಯುವಾಗ ಎಡಗೈ ಬೀಸ್ತೀಯ, ಬಲಗೈ ಹಾಗೇ ನೇತಾಡ್ತಿರತ್ತೆ. ಈಗ ನೋಡು, ಬೆರಳು ದಾರ ಹೊಸೆಯೋ ಹಾಗೆ ಆಡ್ತಿದೆ. ದಾರ ಎಲ್ಲಿದೆ?"

ಮೂವರೂ ಆ ಕೈಯನ್ನು ನೋಡಿದರು. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಕೈಯಲ್ಲಿ ಹೆಬ್ಬೆರಳು ತೋರುಬೆರಳಿನ ಮೇಲೆ ಉರುಳುತ್ತಿತ್ತು. ಅವನು ಕತ್ತರಿ ಹಿಡಿದ ಕೂಡಲೇ ನಿಂತಿತು.

ನರರೋಗದ ಡಾಕ್ಟರು ನಡುವಯಸ್ಸಿನ ಹೆಂಗಸು. ಅವನಿಂದ ಬೆರಳಿಗೆ ಬೆರಳು ತಟ್ಟಿಸಿದರು, ಕೈ ತಿರುಗಿಸಿ ನೋಡಿದರು, ಮೊಗಸಾಲೆಯಲ್ಲಿ ನಡೆಸಿದರು, ಒಂದು ಸಾಲು ಬರೆಸಿದರು. ಬರೆಯುತ್ತಾ ಬರೆಯುತ್ತಾ ಅಕ್ಷರಗಳು ಸಾಸಿವೆಯಷ್ಟಾದವು. ಡಾಕ್ಟರು ಪೆನ್ನು ಕೆಳಗಿಟ್ಟು, ಇದು ಪಾರ್ಕಿನ್ಸನ್ ಕಾಯಿಲೆ ಎಂದರು. ಆಮೇಲೆ ಅವನ ಹೆಂಡತಿಯ ಕಡೆ ತಿರುಗಿ, "ಮನೇಲಿ ಸಿಟ್ಟು ಮಾಡ್ಕೊಂಡಿರೋ ಹಾಗೆ ಕಾಣ್ತಾರಾ?" ಎಂದು ಕೇಳಿದರು.

"ಹೌದು."

"ಅದು ಸಿಟ್ಟಲ್ಲಮ್ಮ. ನಗಬೇಕು ಅನ್ನೋದು ಮುಖದ ಸ್ನಾಯುಗಳಿಗೆ ಸರಿಯಾಗಿ ತಲುಪ್ತಿಲ್ಲ. ವಾಸನೆ ತಿಳಿಯದೇ ಇರೋದೂ ಈ ಕಾಯಿಲೆಯದೇ. ಮೆದುಳಲ್ಲಿ ಒಂದು ನರಕೋಶ ಇನ್ನೊಂದನ್ನ ಮುಟ್ಟೋದಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣ ಸಂದಿರತ್ತೆ. ಈ ಕಡೆಯ ಕೋಶ ಒಂದು ರಾಸಾಯನಿಕ ಚೆಲ್ಲಿದ್ರೆ ಆ ಕಡೆಯದು ಹಿಡ್ಕೊಳತ್ತೆ. ಹಾಗೆ ಸುದ್ದಿ ದಾಟತ್ತೆ. ಅಂಥ ರಾಸಾಯನಿಕ ಎಷ್ಟೋ ಇವೆ, ಇವರಲ್ಲಿ ಕಮ್ಮಿಯಾಗಿರೋದು ಡೋಪಮೈನ್. ಮೆದುಳಿನ ಆಳದಲ್ಲಿ ಕಪ್ಪಗಿರೋ ಒಂದು ಪುಟ್ಟ ಜಾಗ ಇದೆ. ಅದನ್ನ ತಯಾರಿಸೋ ಕೋಶಗಳು ಅಲ್ಲಿರತ್ವೆ, ಅವು ಸಾಯ್ತಾ ಇವೆ. ಕೈ ನಡುಗೋದು ಕಾಣೋ ಹೊತ್ತಿಗೆ ಅರ್ಧದಷ್ಟಾದರೂ ಹೋಗಿರತ್ವೆ."

"ಹಾಗಾದ್ರೆ ಅದನ್ನೇ ಕೊಡಿ," ಎಂದಳು ಅವಳು.

"ಡೋಪಮೈನನ್ನೇ ಕೊಟ್ರೆ ರಕ್ತದಲ್ಲೇ ಉಳಿಯತ್ತೆ, ಮೆದುಳು ಒಳಗೆ ಬಿಟ್ಕೊಳಲ್ಲ. ಅದಕ್ಕೆ ಬಲವಾದ ಕಾವಲಿದೆ. ಈ ಮಾತ್ರೆಯನ್ನ ಬಿಟ್ಕೊಳತ್ತೆ. ಇದು ಡೋಪಮೈನ್ ಅಲ್ಲ, ಅದು ಕೂರೋ ಜಾಗದಲ್ಲಿ ಹೋಗಿ ಕೂತು ಅದರ ಕೆಲಸ ಮಾಡತ್ತೆ."

ಬೇರೆ ಗುಂಡಿ, ಅದೇ ಕಾಜಾ ಎಂದುಕೊಂಡಳು ಅವಳು. ಅಷ್ಟು ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಬೇರೆ. ಬಸ್ಸಿನಲ್ಲಿ ಗಂಡನ ಪಕ್ಕ ಕೂತು ಮನೆಗೆ ಬರುವಾಗ, ಇಷ್ಟು ದಿನ ತಾನು ಯಾರ ಜೊತೆ ಜಗಳವಾಡಿದೆ ಎಂದು ಯೋಚಿಸಿದಳು. ಕ್ಷಮೆ ಕೇಳಬೇಕು ಅನ್ನಿಸಿತು. ಅದರ ಬೆನ್ನಿಗೇ ಮೋಸ ಹೋದ ಹಾಗೂ ಅನ್ನಿಸಿತು. ಅವನ ಸಿಟ್ಟಿಗೆ ಎಷ್ಟೆಲ್ಲ ಕಾರಣ ಹುಡುಕಿ, ಎಷ್ಟು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಈಗ ಅವನ್ನೆಲ್ಲ ಎಲ್ಲಿ ಹಾಕುವುದು?

ಮಾತ್ರೆಯನ್ನು ಡಾಕ್ಟರು ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸಿದರು. ಬೆರಳಿನ ಆಟ ಕಡಿಮೆಯಾಯಿತು. ಒಂದು ಬೆಳಗ್ಗೆ ಗಿರಾಕಿಯೊಬ್ಬರು ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾಗ ಗಂಡ ಅವಳ ಕಡೆ ನೋಡಿ ನಕ್ಕ. ಮೀಸೆಯಡಿಯ ಹಳೆಯ ನಗು ಅದಲ್ಲ, ಹಲ್ಲು ಕಾಣುವ ನಗು. ಅವಳ ಕೈಯಿಂದ ಗುಂಡಿ ಜಾರಿತು.

ಅಲ್ಲಿಂದ ಅವನಿಗೆ ಮಾತು ಬಂದಿತು. ಮದುವೆಯಾದಾಗಿನಿಂದ ಆಡದಿದ್ದ ಮಾತುಗಳೆಲ್ಲ ಸರದಿಯಲ್ಲಿ ನಿಂತಿದ್ದವೋ ಎಂಬಂತೆ ಒಂದರ ಹಿಂದೊಂದು ಬಂದವು. "ನೀನು ಇಸ್ತ್ರಿ ಮಾಡುವಾಗ ನಿನ್ನ ಕೈ ನೋಡ್ತಾ ಕೂತ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಕಣೇ," ಎಂದ ಒಂದು ದಿನ. ಆವತ್ತು ಅವಳ ಇಸ್ತ್ರಿಯಡಿ ಸುಟ್ಟದ್ದು ಒಂದು ಅಂಗಿಯ ತೋಳು. ಸಂಜೆ ಅಂಗಡಿ ಮುಚ್ಚಿ ಇಬ್ಬರೂ ನದಿಯ ದಂಡೆಯ ಮೇಲೆ ನಡೆಯತೊಡಗಿದರು. ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುವುದು ಜಾಸ್ತಿಯಾಯಿತು. ನಾದಿನಿ ಅದನ್ನು ನೋಡಿ, "ಅತ್ತಿಗೆ, ಮಾತ್ರೆ ಅಣ್ಣನಿಗೆ, ಕೆಂಪಾಗೋದು ನೀವು," ಎಂದು ಕಾಡಿದಳು.

ಹೀಗೆ ಸುಖವಾಗಿದ್ದಾಗಲೇ ಗುಂಡಿಗಳ ಕೆಲಸ ಶುರುವಾಯಿತು. ಅಂಗಡಿಯಲ್ಲಿದ್ದ ಗುಂಡಿಗಳನ್ನೆಲ್ಲ ಸುರಿದು ಬಣ್ಣಬಣ್ಣ ಬೇರೆ ಮಾಡಿದ. ಒಳ್ಳೆಯದೇ ಎಂದುಕೊಂಡಳು. ಮರುದಿನ ಮತ್ತೆ ಸುರಿದು ಗಾತ್ರದ ಪ್ರಕಾರ, ಆಮೇಲೆ ತೂತುಗಳ ಪ್ರಕಾರ ಜೋಡಿಸಿದ. ಊಟಕ್ಕೆ ಕರೆದರೆ, "ಬಂದೆ, ಇದೊಂದು ಆಗಲಿ," ಎನ್ನುತ್ತಿದ್ದ. ಗುಂಡಿ ಮುಗಿದ ಮೇಲೆ ಹೊಲಿಗೆ ಬಿಚ್ಚುವುದಕ್ಕೆ ತೊಡಗಿದ. ಮೊದಲು ತನ್ನ ಹಳೆಯ ಕೋಟು, ಆಮೇಲೆ ದಿಂಬಿನ ಚೀಲ, ಕಿಟಕಿಯ ಪರದೆ. ಬಿಚ್ಚಿದ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ದಾರವನ್ನು ಜೋಪಾನವಾಗಿ ಸುತ್ತಿಡುತ್ತಿದ್ದ.

"ಯಾಕ್ರೀ ಇದು?"

"ಒಳಗೆ ಹೇಗಿದೆ ನೋಡೋಣ ಅಂತ."

"ನೋಡಿ ಏನು ಮಾಡ್ತೀರಾ?"

ಅವನು ಆ ಪ್ರಶ್ನೆ ತನಗೆ ಹೊಳೆದೇ ಇರಲಿಲ್ಲ ಎಂಬಂತೆ ಅವಳನ್ನು ನೋಡಿ ನಕ್ಕ. ಆ ನಗು ಎಷ್ಟು ಚೆನ್ನಾಗಿತ್ತೆಂದರೆ ಅವಳು ಮುಂದೆ ಕೇಳಲಿಲ್ಲ. ಡಾಕ್ಟರ ಹತ್ತಿರ ಹೋದಾಗ ಅವರು ಕೈ ನೋಡಿ ಸಂತೋಷಪಟ್ಟು, ನಿದ್ದೆ ಊಟ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದಳು. ಪರದೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಮಾತ್ರೆ ನಿಲ್ಲಿಸಿಬಿಟ್ಟಾರು ಎಂದು ನುಂಗಿಕೊಂಡಳು.

ಅಂಚೆ ಹಂಚುವವನು ಒಂದು ಉಣ್ಣೆಯ ಕೋಟು ತಂದದ್ದು ಅದಾದ ಮೇಲೆ. ಅವನ ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಬಟ್ಟೆ ಕೊಂಡು ಅವಳೇ ಕೈಯಲ್ಲಿ ಹೊಲಿದುಕೊಂಡಿದ್ದ ಕೋಟು ಅದು. ಶಾಲೆಗೆ ಹೋಗುವ ಮಗಳಿಗೆ ಆಗುವ ಹಾಗೆ ಭುಜದ ಹತ್ತಿರ ಚಿಕ್ಕದು ಮಾಡಿಕೊಡಬೇಕು ಎಂದ. "ಉಳಿದಿದ್ದು ಹಾಗೇ ಇರಲಿ," ಎಂದು ಬಾಗಿಲಿನಿಂದ ತಿರುಗಿ ಬಂದು ಇನ್ನೊಮ್ಮೆ ಹೇಳಿ ಹೋದ.

ಅವಳು ದಾರ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕೋಟು ಕೋಟಾಗಿ ಉಳಿದಿರಲಿಲ್ಲ. ಬೆನ್ನು, ಎದೆ, ತೋಳು, ಕಾಲರು, ಜೇಬು, ಒಳಗಿನ ಅಸ್ತರು, ಎಲ್ಲ ಬೇರೆಬೇರೆಯಾಗಿ ಮೇಜಿನ ಮೇಲೆ ಮಲಗಿದ್ದವು. ಗಂಡ ಅವುಗಳ ಮೇಲೆ ಬಾಗಿ ನಿಂತಿದ್ದ, ಮುಖದಲ್ಲಿ ಅಂಥ ಸಂತೋಷ. ಅವಳು ಮಾತಾಡಲು ಬಾಯಿ ತೆರೆದಾಗ ಮೆಟ್ಟಿಲ ಮೇಲೆ ಅಂಚೆಯವನ ಬೂಟಿನ ಸದ್ದು. ಮಗಳ ಅಳತೆ ಕೊಡಲು ಬಂದಿದ್ದ.

ಅವನು ಮೇಜಿನ ಮುಂದೆ ನಿಂತ. ಹೆಗಲ ಚೀಲ ಕೆಳಗಿಳಿಸುವುದನ್ನೂ ಮರೆತ.

"ನಾವು ಮತ್ತೆ ಹೊಲಿದು ಕೊಡ್ತೀವಿ," ಎಂದಳು ಅವಳು. "ಒಂದು ನೂಲೂ ಆಚೀಚೆ ಆಗದ ಹಾಗೆ."

"ಬಟ್ಟೆ ಅಂಗಡೀದು," ಎಂದ ಅಂಚೆಯವನು ನಿಧಾನವಾಗಿ. "ಹೊಲಿಗೆ ಮಾತ್ರ ಅವಳದಾಗಿತ್ತು."

ಗಂಡನಿಗೆ ಅದು ಕೇಳಿಸಿತೋ ಇಲ್ಲವೋ, ತೋಳಿನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. "ನೋಡಿ, ನಿಮ್ಮ ಮನೆಯವರದು ಎಡಗೈ, ಅಲ್ವಾ? ಸೂಜಿ ತೂತೆಲ್ಲ ಈ ಕಡೆ ವಾಲಿವೆ. ಇಲ್ಲಿ ಒಂದ್ಸಲ ತಪ್ಪಿ, ಬಿಚ್ಚಿ, ಮತ್ತೆ ಹೊಲಿದಿದ್ದಾರೆ. ಇಲ್ಲಿಂದ ಮುಂದೆ ಕೈ ಪಳಗಿದೆ. ಎಷ್ಟು ಚೆನ್ನಾಗಿದೆ ನೋಡಿ."

ಅಂಚೆಯವನು ಬಾಗಿ ನೋಡಿದ. "ಹೌದು, ಎಡಗೈ," ಎಂದ. ಹೊಡೆಯುತ್ತಾನೋ ಅಳುತ್ತಾನೋ ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ಅಳತೆಯನ್ನೂ ಕೊಡದೆ ಮೆಟ್ಟಿಲಿಳಿದು ಹೋದ.

ಗಂಡ ಅವನು ಹೋದ ದಾರಿಯನ್ನು ನೋಡಿ, "ಒಳ್ಳೇ ಮನುಷ್ಯ," ಎಂದ.

ಮರುದಿನವೇ ಅವಳು ಗಂಡನನ್ನು ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂತು ಗುಂಡಿಯಿಂದ ಹಿಡಿದು ಕೋಟಿನವರೆಗೆ ಎಲ್ಲ ಹೇಳಿದಳು. ಡಾಕ್ಟರು ಅರ್ಧದಲ್ಲೇ ತಲೆಯಾಡಿಸತೊಡಗಿದ್ದರು.

"ಇದನ್ನ ನಾನೇ ಬಿಡಿಸಿ ಬಿಡಿಸಿ ಕೇಳಬೇಕಾಗಿತ್ತು," ಎಂದರು. "ಡೋಪಮೈನಿಗೆ ಮೆದುಳಲ್ಲಿ ಒಂದೇ ಕೆಲಸ ಅಲ್ಲ. ಒಂದು ದಾರಿಯಲ್ಲಿ ಕೈಕಾಲು ಆಡಿಸತ್ತೆ. ಇನ್ನೊಂದು ದಾರಿಯಲ್ಲಿ ಆಸೆ ಹುಟ್ಟಿಸತ್ತೆ, ಇದು ಬೇಕು, ಇನ್ನೊಂದ್ಸಲ ಬೇಕು ಅನ್ನೋದು. ಮಾತ್ರೆಗೆ ದಾರಿ ಗೊತ್ತಾಗಲ್ಲ, ಎರಡೂ ಕಡೆ ಹೋಗಿ ಕೂರತ್ತೆ. ಕೆಲವರು ಜೂಜಿಗೆ ಬೀಳ್ತಾರೆ, ಕೆಲವರು ತಿಂತಾನೇ ಇರ್ತಾರೆ, ಕೆಲವರು ಹೀಗೆ ಬಿಚ್ಚೋದು ಜೋಡಿಸೋದು. ಬೇರೆ ಕಾಯಿಲೆಯಲ್ಲಿ ಡೋಪಮೈನ್ ಹತೋಟಿ ಮೀರಿ ಇಲ್ಲದ ದನಿ ಕೇಳೋರೂ ಇದ್ದಾರೆ. ಅವರಿಗೆ ಅದನ್ನ ತಡೆಯೋ ಮಾತ್ರೆ ಕೊಟ್ರೆ ಕೆಲವರಿಗೆ ಇವರ ಹಾಗೇ ಕೈ ನಡುಗೋಕೆ ಶುರುವಾಗತ್ತೆ."

"ನಂಗೇನೂ ಆಗಿಲ್ಲ," ಎಂದ ಗಂಡ. ಮುಖ ನಿಜವಾಗಿಯೂ ಗಂಟಿಕ್ಕಿತ್ತು. "ಇಷ್ಟು ವರ್ಷದಲ್ಲಿ ಈಗಲೇ ನಾನು ಸರಿಯಾಗಿರೋದು. ಕೇಳಿ ಇವಳನ್ನ."

ಡಾಕ್ಟರು ಅವಳನ್ನು ನೋಡಿದರು. ಅವಳು ಕೇಳಿದಳು: "ಮುಖ ಬಿಗಿದಿದ್ದು ಕಾಯಿಲೆ ಅಂದ್ರಿ. ಈಗ ನಗ್ತಿರೋದು ಮಾತ್ರೆ ಅಂತೀರಾ. ಹಾಗಾದ್ರೆ ಇವರು ಇವರಾಗಿ ಇರೋದು ಯಾವಾಗ?"

"ಅದಕ್ಕೆ ನನ್ನ ಹತ್ರ ಪರೀಕ್ಷೆ ಇಲ್ಲಮ್ಮ," ಎಂದರು ಡಾಕ್ಟರು. "ಮಾತ್ರೆ ಇಳಿಸಬೇಕು ಅನ್ನೋದು ಮಾತ್ರ ಗೊತ್ತು. ಒಂದೇ ಸಲ ನಿಲ್ಲಿಸಬಾರದು. ನಿಧಾನವಾಗಿ ಇಳಿಸಿ ಬೇರೆಯದು ಶುರು ಮಾಡೋಣ. ಅದನ್ನ ಮೆದುಳು ತಗೊಂಡು ತಾನೇ ಡೋಪಮೈನ್ ಮಾಡ್ಕೊಳತ್ತೆ."

ಆ ವಾರ ನಾದಿನಿ ಬಂದಾಗ ಅವಳು ಅಡುಗೆಮನೆಯಲ್ಲಿ ಈ ಪ್ರಶ್ನೆಯನ್ನೇ ಅವಳ ಮುಂದಿಟ್ಟಳು. "ನದೀ ದಂಡೆ ಮೇಲೆ ನನ್ನ ಜೊತೆ ಅಷ್ಟು ಮಾತಾಡಿದ್ದು ಯಾರು ಅಂತ. ನಿಮ್ಮಣ್ಣನೋ, ಆ ಮಾತ್ರೆಯೋ?"

ನಾದಿನಿ ಯಾವಾಗಲೂ ತಮಾಷೆಯಿಂದಲೇ ಉತ್ತರ ಶುರು ಮಾಡುವವಳು. ಆವತ್ತು ಚಹಾದ ಲೋಟ ತಿರುಗಿಸುತ್ತಾ ಕೂತಳು. "ಅತ್ತಿಗೆ, ನಾನೂ ದಿನಾ ಒಂದು ಮಾತ್ರೆ ತಗೊಳ್ತೀನಿ. ನಿಮಗೆ ಹೇಳಿರ್ಲಿಲ್ಲ. ನನ್ನದು ಡೋಪಮೈನ್ ಅಲ್ಲ, ಸಿರೊಟೋನಿನ್ ಅಂತೆ. ಎರಡು ಕೋಶದ ನಡುವಿನ ಸಂದಲ್ಲಿ ಅದು ಹೆಚ್ಚು ಹೊತ್ತು ಉಳಿಯೋ ಹಾಗೆ ಮಾಡತ್ತಂತೆ. ಒಂದು ಕಾಲದಲ್ಲಿ ಹಾಸಿಗೆಯಿಂದ ಏಳೋಕೇ ಆಗ್ತಿರಲಿಲ್ಲ ನಂಗೆ. ಕಾರಣವೇ ಇರಲಿಲ್ಲ. ಸುಮ್ಮನೆ ಎಲ್ಲ ಬೂದಿ ಬೂದಿ."

"ನೀವಾ?" ಎಂದಳು ಅವಳು. ಬೀದಿಗೆಲ್ಲ ನಗು ಹಂಚುವ ನಾದಿನಿ.

"ನಾನೇ. ಮೊದಮೊದಲು ನಗು ಬಂದಾಗೆಲ್ಲ, ಇದು ನಂದಾ ಮಾತ್ರೇದಾ ಅಂತ ನಿಂತು ನೋಡ್ತಿದ್ದೆ. ನೋಡ್ತಾ ನಿಂತ್ರೆ ನಗು ಹೊರಟೋಗತ್ತೆ. ಆಮೇಲೆ ಕೇಳೋದು ಬಿಟ್ಟೆ."

"ಉತ್ತರ ಸಿಕ್ತಾ?"

"ಇಲ್ಲ. ಬಸ್ಸು ಹೊರಡೋ ಹೊತ್ತಾಗಿತ್ತು."

ಮಾತ್ರೆ ಇಳಿಯುವ ದಿನಗಳು ಕೆಟ್ಟದಾಗಿದ್ದವು. ಗಂಡ ಬೆವರುತ್ತಿದ್ದ, ಸುಮ್ಮಸುಮ್ಮನೆ ಅಳುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಏನು ಬೇಕು ಎಂದು ಕೇಳಿದರೆ, "ಏನೂ ಬೇಡ ಅನ್ನಿಸತ್ತೆ. ಬೇಡ ಅನ್ನೋದಕ್ಕೂ ಬೇಜಾರು," ಎಂದ. ಅವಳು ಡಾಕ್ಟರಿಗೆ ಫೋನು ಮಾಡಿದಳು. ಅವರು ಇನ್ನಷ್ಟು ನಿಧಾನವಾಗಿ ಇಳಿಸಿದರು. ಒಂದೆರಡು ಸಲ ಅವಳಿಗೇ, ಹಳೆಯ ಮಾತ್ರೆಯನ್ನು ಪೂರ್ತಿ ಕೊಟ್ಟುಬಿಡೋಣ, ಊರಿನ ಪರದೆಯೆಲ್ಲ ಬಿಚ್ಚಿಕೊಂಡಿರಲಿ ಎನ್ನಿಸಿತು. ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಕೇಳಿದ್ದರೆ ಅಂಚೆಯವನ ಮುಖ ನೆನಪಾಯಿತು ಎನ್ನುತ್ತಿದ್ದಳು. ಅದು ಪೂರ್ತಿ ನಿಜವೋ ಅಲ್ಲವೋ ಅವಳಿಗೂ ಗೊತ್ತಿರಲಿಲ್ಲ.

ಹೊಸ ಮಾತ್ರೆ ಬಂದು ಹೋಗುವ ಸ್ವಭಾವದ್ದು. ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಕೈ ಹಗುರಾಗುತ್ತಿತ್ತು, ಮುಖದಲ್ಲಿ ಗೆರೆ ಮೂಡುತ್ತಿತ್ತು. ಅದರ ಬಲ ಇಳಿದ ಮೇಲೆ ಮತ್ತೆ ಬಿಗಿ, ಮತ್ತೆ ನಡುಕ. ಅಂಥ ಒಂದು ಹಗುರ ಹೊತ್ತಿನಲ್ಲಿ ಅವನು ಕಪಾಟಿನಿಂದ ಕೋಟಿನ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟ.

"ನಾನು ಇದನ್ನ ಮಾಡ್ದೆನಾ?"

"ಮಾಡಿದ್ರಿ."

"ನೆನಪಿದೆ. ಯಾಕೆ ಅಂತ ಮಾತ್ರ ಗೊತ್ತಿಲ್ಲ." ನಾಚಿಕೆಯಿಂದ ಅವನ ಕುತ್ತಿಗೆ ಕೆಂಪಾಗಿತ್ತು. "ಹೊಲಿಯೋಣ. ಮೆಷಿನ್ನು ಬೇಡ. ನನ್ನ ಕೈಗೆ ಆಗಲ್ಲ, ನೀನೇ ಹೊಲಿ. ಎಡಗೈಲಿ."

"ಎಡಗೈಲಿ ನಂಗೆ ಹೇಗೆ ಬರತ್ತೆ?"

"ಬಲಗೈಲಿ ಹೊಲಿದ್ರೆ ಸೂಜಿ ಬೇರೆ ಕಡೆ ಇಳಿಯತ್ತೆ, ಹೊಸ ತೂತು ಬೀಳತ್ತೆ. ಹಳೇ ತೂತಲ್ಲೇ ಹೋಗಬೇಕು."

ಅವಳು ಎಡಗೈಯಲ್ಲಿ ಸೂಜಿ ಹಿಡಿದಳು. ಸುತ್ತಿಟ್ಟಿದ್ದ ಹಳೆಯ ದಾರದಲ್ಲಿ ಬಹುಪಾಲು ತುಂಡುತುಂಡಾಗಿತ್ತು. ಕೆಳ ಅಂಚಿಗೆ ಮಾತ್ರ ಸಾಕಾಯಿತು, ಉಳಿದದ್ದಕ್ಕೆ ಅದೇ ಬಣ್ಣದ ಹೊಸದು. ಅವನು ಪಕ್ಕದಲ್ಲಿ ಕೂತು ಬೆರಳಿನಿಂದ ಮುಂದಿನ ತೂತು ತೋರಿಸುತ್ತಿದ್ದ. ಬೆರಳು ನಡುಗಿದಾಗ ಯಾವ ತೂತು ಎಂದು ತಿಳಿಯದೆ ಇಬ್ಬರಿಗೂ ಗೊಂದಲ. ಚುಚ್ಚಿಕೊಂಡು, ಬಿಚ್ಚಿ, ಮತ್ತೆ ಹೊಲಿದು, ಹಲವು ದಿನಗಳ ಮೇಲೆ ಕೋಟು ಮತ್ತೆ ಕೋಟಾಯಿತು. ಭುಜ ಚಿಕ್ಕದು ಮಾಡಿರಲಿಲ್ಲ. ಹೇಗಿತ್ತೋ ಹಾಗೆ.

ಅಂಚೆಯವನಿಗೆ ಹೇಳಿಕಳಿಸಿದರು. ಅವಳು ಯಾವುದನ್ನೂ ಮುಚ್ಚಿಡದೆ ಕಾಯಿಲೆ, ಮಾತ್ರೆ, ಹೊಸ ದಾರ, ಎಡಗೈ ಎಲ್ಲ ಹೇಳಿದಳು. ಗಂಡ ತಲೆ ತಗ್ಗಿಸಿ ನಿಂತು, "ತಪ್ಪಾಯ್ತು," ಎಂದ. ಅಂಚೆಯವನು ಕೋಟಿನ ಒಳಗೆ ಕೈ ಹಾಕಿ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಇದು ಅವಳ ಹೊಲಿಗೆ ಅಲ್ಲ," ಎಂದ.

"ಅಲ್ಲ," ಎಂದಳು ಅವಳು.

"ಬೇರೆಯವರದು ಅಂತಲೂ ಅನ್ನಿಸ್ತಿಲ್ಲ." ಅವನು ಕೋಟನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡ. "ಚಿಕ್ಕದು ಮಾಡೋದು ಬೇಡ ಬಿಡಿ. ಮಗಳೇ ಬೆಳೀತಾಳೆ." ಕೋಪ ಹೋಗಿದೆಯೋ ಇಲ್ಲವೋ ಅವನ ದನಿಯಿಂದ ಗೊತ್ತಾಗಲಿಲ್ಲ. ಅದಾದ ಮೇಲೂ ಅಂಚೆ ಹಂಚಲು ಆ ಬೀದಿಗೆ ಬರುತ್ತಿದ್ದ. ಕೆಲವು ದಿನ ತಲೆಯಾಡಿಸುತ್ತಿದ್ದ, ಕೆಲವು ದಿನ ನೋಡದೆ ಹೋಗುತ್ತಿದ್ದ.

ಅಂಗಡಿ ಮೊದಲಿನ ಹಾಗೆ ನಡೆಯಲಿಲ್ಲ, ನಿಲ್ಲಲೂ ಇಲ್ಲ. ಮೆಷಿನ್ನಿನ ಕೆಲಸ ಹೆಚ್ಚುಹೆಚ್ಚಾಗಿ ಅವಳ ಪಾಲಿಗೆ ಬಂತು. ಅವನು ಹಗುರಾಗಿದ್ದಾಗ ಕತ್ತರಿಸುತ್ತಿದ್ದ, ಬಿಗಿದಾಗ ಕಿಟಕಿಯ ಪಕ್ಕ ಕೂತಿರುತ್ತಿದ್ದ. ಒಂದು ಮಧ್ಯಾಹ್ನ, ಮುಂದಿನ ಮಾತ್ರೆಗೆ ಇನ್ನೂ ಹೊತ್ತಿದ್ದಾಗ, ಕಲ್ಲಿನಂಥ ಮುಖದಲ್ಲಿ ಅವನೆಂದ:

"ಇನ್ಮೇಲೆ ಅಳತೆ ತಗೊಳೋದು ಬೇಡ. ಬಟ್ಟೆ ಹೊಲಿದಿಟ್ಟು ಗಿರಾಕಿಗಳನ್ನೇ ಅದಕ್ಕೆ ತಕ್ಕ ಹಾಗೆ ಕತ್ತರಿಸೋಣ."

ಅವಳ ಕಾಲು ಪೆಡಲಿನ ಮೇಲೆ ನಿಂತಿತು. ಇದು ಹೊಸ ಮಾತ್ರೆಯ ಕಾಟವೇ? ಡಾಕ್ಟರಿಗೆ ಫೋನು ಮಾಡಬೇಕೇ? ಅವನ ಮುಖವನ್ನು ಎಷ್ಟು ಹುಡುಕಿದರೂ ಅಲ್ಲಿ ಏನೂ ಸಿಗಲಿಲ್ಲ.

"ರೀ, ತಮಾಷೆನಾ ಇದು?"

"ಹೂಂ."

"ನಗದೆ ಹೇಳಿದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

"ಒಳಗೆ ನಕ್ಕೆ."

ಈ ಹೊತ್ತಿನಲ್ಲಿ ಹಳೆಯ ಮಾತ್ರೆ ಇರಲಿಲ್ಲ, ಹೊಸದರ ಬಲ ಇಳಿದಿತ್ತು. ಹಾಗಿದ್ದರೆ ಈ ತಮಾಷೆ ಎಲ್ಲಿಂದ ಬಂತು? ಕಾಯಿಲೆಯ ಒಳಗಿನಿಂದಲೋ, ಅದರ ಹಿಂದಿನಿಂದಲೋ? ತಾನು ಸಿಟ್ಟೆಂದು ತಿಳಿದಿದ್ದ ಆ ದಿನಗಳಲ್ಲೂ ಅವನು ಹೀಗೆ ಒಳಗೊಳಗೇ ನಗುತ್ತಿದ್ದನೋ ಏನೋ. ಕೇಳಬಹುದಿತ್ತು. ಹೌದೆಂದರೆ ಏನು ಮಾಡುವುದೆಂದು ತಿಳಿಯದೆ ಬೇರೆ ಮಾತು ತೆಗೆದಳು.

"ಇನ್ಮೇಲೆ ತಮಾಷೆ ಮಾಡುವಾಗ ಒಂದು ಕೈ ಎತ್ತಿಬಿಡಿ. ಹೆದರಿಕೆ ಆಗತ್ತೆ ನಂಗೆ."

"ಎಡಗೈ ಎತ್ತುತೀನಿ. ಬಲಗೈ ಬೇಡ. ಅದು ಇಡೀ ದಿನ ತಮಾಷೆ ಮಾಡ್ತಿರತ್ತೆ."

ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗುವುದು ಸರಿಯೋ ಎಂದು ನಡುವೆ ಒಮ್ಮೆ ಅನುಮಾನವಾಯಿತು. ಹೊರಗೆ ಯಾರೋ ಮೆಟ್ಟಿಲು ಹತ್ತುತ್ತಿದ್ದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೊಳೆಗೆ ನೇತುಹಾಕಿದ್ದ ಅಳತೆಯ ಟೇಪನ್ನು ತೆಗೆದುಕೊಳ್ಳಲು ಎದ್ದಳು.